ಸರತಿ ಗಂಡನದು, ಮಗು ಇಬ್ಬರದು

ಅಮೆರಿಕದಲ್ಲಿ ದುಡಿಯುತ್ತಿರುವ ಭಾರತೀಯ ದಂಪತಿ ಬೇರೆಯಾಗಲು ನಿರ್ಧರಿಸಿದರೆ ಎರಡು ಕಾನೂನುಗಳು ಒಟ್ಟಿಗೇ ಅವರ ಮನೆಯೊಳಗೆ ಕಾಲಿಡುತ್ತವೆ. ಒಂದು, ಅವರಿರುವ ರಾಜ್ಯದ ಕೌಟುಂಬಿಕ ಕಾನೂನು. ಅದರ ಕಣ್ಣಿಗೆ ಗಂಡ ಹೆಂಡತಿ ಸಮಾನರು. ಮಗು ಯಾರ ಬಳಿ ಇರಬೇಕು ಎಂಬುದನ್ನು ಮಗುವಿನ ಹಿತ ನೋಡಿಯೇ ತೀರ್ಮಾನಿಸಬೇಕು. ಇನ್ನೊಂದು, ಒಕ್ಕೂಟ ಸರ್ಕಾರದ ವಲಸೆ ಕಾನೂನು. ಅದಕ್ಕೆ ಗೊತ್ತಿರುವುದು ಒಬ್ಬ ಅರ್ಜಿದಾರ ಮತ್ತು ಅವನ ಹೆಸರಿನಡಿ ಬಂದ ಅವಲಂಬಿತರು ಮಾತ್ರ. ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್, ಕೈಗೆ ಬಂದವರು ಈ ಎರಡನೆಯ ಕಾನೂನನ್ನು ಹೆಚ್ಚುಕಡಿಮೆ ಮರೆತೇ ಡೈವೋರ್ಸ್ ಪಡೆಯಬಹುದು. ಇನ್ನೂ ಸರತಿಯಲ್ಲಿ ನಿಂತವರಿಗೆ ಆ ಭಾಗ್ಯವಿಲ್ಲ. ಮಗುವಿನ ಸುಪರ್ದಿಯ ಕಡತವನ್ನು ನ್ಯಾಯಾಧೀಶರು ಬಿಚ್ಚುವ ಮೊದಲೇ ವೀಸಾ ಅದನ್ನು ಮುಕ್ಕಾಲು ಪಾಲು ತೀರ್ಮಾನಿಸಿರುತ್ತದೆ. ಇದು ಅನ್ಯಾಯ. ಸರಿಪಡಿಸಲು ವಲಸೆ ನೀತಿಯನ್ನೇ ತಲೆಕೆಳಗು ಮಾಡಬೇಕಾಗಿಯೂ ಇಲ್ಲ. ಕೆಲವು ವರ್ಷ ಜೊತೆಯಾಗಿ ಸರತಿಯಲ್ಲಿ ಕಾದ ಸಂಗಾತಿಗೆ, ಮದುವೆ ಮುರಿದ ಮೇಲೂ ಆ ಸರತಿಯಲ್ಲಿ ಸ್ವಂತ ಜಾಗ ಉಳಿದರೆ ಸಾಕು ಎಂಬುದು ನನ್ನ ವಾದ.

ಸರತಿಯ ಉದ್ದ ತಿಳಿಯದೆ ಈ ವಾದದ ತೂಕ ತಿಳಿಯುವುದಿಲ್ಲ. ಉದ್ಯೋಗದ ಆಧಾರದ ಮೇಲೆ ಅಮೆರಿಕ ಕೊಡುವ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಉದ್ಯೋಗಿಯ ಸಂಗಾತಿ ಮತ್ತು ಮಕ್ಕಳೂ ಇದೇ ಸಂಖ್ಯೆಯೊಳಗೆ ಬರಬೇಕು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿಯಿದೆ. ಐಸ್‌ಲ್ಯಾಂಡಿಗೂ ಭಾರತಕ್ಕೂ ಅದೇ ಅಳತೆ. ನುರಿತ ನೌಕರರಿಗೆ ಕೊಡುವ ತಾತ್ಕಾಲಿಕ ಎಚ್‌-1ಬಿ ವೀಸಾಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಭಾರತೀಯರ ಪಾಲಾಗುತ್ತಿರುವಾಗ ಈ ಮಿತಿಯ ಫಲ ಏನಾಗುತ್ತದೆಂದು ಊಹಿಸಬಹುದು. ವಾಷಿಂಗ್ಟನ್ನಿನ ಕೇಟೋ ಇನ್‌ಸ್ಟಿಟ್ಯೂಟ್ 2023ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಸರತಿಯಲ್ಲಿ ಸುಮಾರು 11 ಲಕ್ಷ ಭಾರತೀಯರಿದ್ದಾರೆ; ಹೊಸದಾಗಿ ಸೇರುವ ಭಾರತೀಯ ಕಾಯಬೇಕಾದದ್ದು ಕಾಗದದ ಮೇಲೆ 134 ವರ್ಷ. 2025ರಲ್ಲಿ ಉನ್ನತ ಪದವೀಧರರ ಇಬಿ-2 ವರ್ಗದಲ್ಲಿ ಸರದಿ ಬಂದದ್ದು 2013ರ ಆಸುಪಾಸಿನಲ್ಲಿ ಸರತಿ ಹಿಡಿದ ಭಾರತೀಯರಿಗೆ. ಹನ್ನೆರಡು ವರ್ಷವೆಂದರೆ ಒಂದು ಸಂಸಾರದ ಬಹುಭಾಗವೇ: ಮದುವೆ, ಹೆರಿಗೆ, ಮನೆ ಸಾಲ, ಮಕ್ಕಳ ಶಾಲೆ, ಜಗಳ, ಎಲ್ಲವೂ ಅದರೊಳಗೇ ನಡೆದುಹೋಗುತ್ತವೆ. ಎಚ್‌-1ಬಿ ವೀಸಾದ ಮೂಲ ಗರಿಷ್ಠ ಅವಧಿ ಆರು ವರ್ಷ. ಸರತಿ ಬೆಳೆದಂತೆ 2000ನೇ ಇಸವಿಯ ಒಂದು ಕಾನೂನು ಅದನ್ನು ಮೂರು ಮೂರು ವರ್ಷ ವಿಸ್ತರಿಸುತ್ತಾ ಹೋಗಲು ಅವಕಾಶ ಕೊಟ್ಟಿತು. ಆದರೆ ಅವಲಂಬಿತರ ಎಚ್‌-4 ವೀಸಾದ ಸ್ವರೂಪ ಬದಲಾಗಲಿಲ್ಲ. ಆರು ವರ್ಷದ ಕೂಸಿಗೆ ಹೊಲಿಸಿದ ಅಂಗಿಯನ್ನೇ ಇಪ್ಪತ್ತರ ಹರೆಯದಲ್ಲೂ ತೊಡಿಸಿದಂತಾಗಿದೆ.

ಈ ಅವಲಂಬಿತರು ಯಾರು? ಎಚ್‌-4 ಮೇಲೆ ಕೆಲಸದ ಪರವಾನಗಿ ಪಡೆದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಭಾರತೀಯರು, ಶೇ 90ಕ್ಕೂ ಹೆಚ್ಚು ಮಂದಿ ಮಹಿಳೆಯರು ಎಂದು ಅಮೆರಿಕ ಕಾಂಗ್ರೆಸ್ಸಿನ ಸಂಶೋಧನಾ ಸೇವೆ 2018ರಲ್ಲಿ ಲೆಕ್ಕ ಕೊಟ್ಟಿತ್ತು. ಆ ಪರವಾನಗಿಯಾದರೂ ಸಿಗತೊಡಗಿದ್ದು 2015ರ ಮೇ ತಿಂಗಳಿಂದ. ಅದಕ್ಕೆ ಮೊದಲು ಎಂ.ಟೆಕ್. ಓದಿದವಳೂ ದಂತವೈದ್ಯೆಯೂ ಮನೆಯಲ್ಲೇ ಕೂತಿರಬೇಕಿತ್ತು. ಈಗಲೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ಅವಳ ಸ್ಥಿತಿ ಅದೇ. ಅಂದರೆ ಮದುವೆ ಹದಗೆಡುವ ಹೊತ್ತಿಗೆ ಅನೇಕರ ಬಯೋಡೇಟಾದಲ್ಲಿ ಐದಾರು ವರ್ಷದ ಖಾಲಿ ಜಾಗ ಇರುತ್ತದೆ. ಆ ಖಾಲಿ ಜಾಗಕ್ಕೆ ಕಾರಣವಾದ ಕಾನೂನೇ ಮುಂದೆ, ನೀನು ಸ್ವಂತ ಕಾಲಿನ ಮೇಲೆ ನಿಲ್ಲಲಾರೆ ಎಂದು ಅವಳಿಗೇ ಹೇಳುತ್ತದೆ.

ಡೈವೋರ್ಸಿನ ಡಿಕ್ರಿ ಬಂದ ದಿನ ಎಚ್‌-4 ಮುಗಿಯುತ್ತದೆ; ಅದರ ಮೇಲೆ ನಿಂತ ಕೆಲಸದ ಪರವಾನಗಿಯೂ ಮುಗಿಯುತ್ತದೆ. ಉದ್ಯೋಗ ಕಳೆದುಕೊಂಡ ಎಚ್‌-1ಬಿ ನೌಕರನಿಗೆ 2017ರಿಂದ 60 ದಿನಗಳ ಗಡುವು ಇದೆ. ಮದುವೆ ಕಳೆದುಕೊಂಡವಳಿಗೆ ಅಷ್ಟೂ ಇಲ್ಲ. ಸರತಿಯಲ್ಲಿನ ಜಾಗವಂತೂ ಸಂಪೂರ್ಣ ಅವನದೇ, ಏಕೆಂದರೆ ಅರ್ಜಿಯ ದಿನಾಂಕ, ಅಲ್ಲಿನವರ ಬಾಯಲ್ಲಿ ಪ್ರಯಾರಿಟಿ ಡೇಟ್, ಅರ್ಜಿದಾರನ ಸೊತ್ತು. ಗ್ರೀನ್ ಕಾರ್ಡ್ ಮಂಜೂರಾದ ಮರುದಿನ ಡಿಕ್ರಿ ಬಂದರೆ ಅವಳ ಕಾರ್ಡಿಗೆ ಧಕ್ಕೆಯಿಲ್ಲ. ಮಂಜೂರಾತಿಯ ಹಿಂದಿನ ದಿನ ಬಂದರೆ ಹತ್ತು ವರ್ಷದ ಕಾಯುವಿಕೆ ನೀರುಪಾಲು. ಅವಳ ಮುಂದೆ ಉಳಿಯುವ ದಾರಿಗಳು ಬೆರಳೆಣಿಕೆಯವು. ಶುಲ್ಕ ಕಟ್ಟಲು ಹಣವಿದ್ದರೆ ವಿದ್ಯಾರ್ಥಿ ವೀಸಾ. ದುಡಿಯಲು ಬಿಡದ ಪ್ರವಾಸಿ ವೀಸಾ. ಇಲ್ಲವೇ ಸ್ವಂತ ಎಚ್‌-1ಬಿ. ಇದು ವರ್ಷಕ್ಕೆ 85,000ಕ್ಕೆ ಸೀಮಿತವಾದ ಲಾಟರಿ, ನೋಂದಣಿ ಮಾರ್ಚಿನಲ್ಲಿ, ಮದುವೆಗಳು ಮಾರ್ಚ್ ನೋಡಿಕೊಂಡು ಮುರಿಯುವುದಿಲ್ಲ. ಊರಿಗೆ ಹೋಗಿ ಅಲ್ಲಿಂದ ಪ್ರಯತ್ನಿಸೋಣವೆಂದರೆ, ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂದು 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಘೋಷಿಸಿದರು. ಮಗು ಅಮೆರಿಕದ ಪ್ರಜೆ ಎಂಬುದೂ ತಾಯಿಯ ಕೈ ಹಿಡಿಯದು. ಪ್ರಜೆಯಾದ ಮಗು ತಾಯಿಗಾಗಿ ಅರ್ಜಿ ಹಾಕಲು ಅದಕ್ಕೆ 21 ವರ್ಷ ತುಂಬಿರಬೇಕು.

ಕೌಟುಂಬಿಕ ನ್ಯಾಯಾಲಯದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿನ ಕಾನೂನಿನಲ್ಲಿ ಮದುವೆಯ ಬಂಧವನ್ನಷ್ಟೇ ಮೊದಲು ಕಡಿದು, ಆಸ್ತಿ, ಜೀವನಾಂಶ, ಮಕ್ಕಳ ಪ್ರಶ್ನೆಗಳನ್ನು ಆಮೇಲೆ ವಿಚಾರಣೆಗೆ ತೆಗೆದುಕೊಳ್ಳುವ ಅವಕಾಶವಿದೆ. ಬೇಗ ಮರುಮದುವೆಯಾಗಬೇಕೆಂದವರಿಗೆ ಇದರಿಂದ ಅನುಕೂಲ. ಹೀಗೆ ಮೊದಲೇ ಬಂಧ ಕಡಿಯುವಾಗ ಇನ್ನೊಬ್ಬರ ಆರೋಗ್ಯ ವಿಮೆ, ಪಿಂಚಣಿ ಹಕ್ಕು ಕೈತಪ್ಪದಂತೆ ಷರತ್ತು ಹಾಕುವ ಅಧಿಕಾರ ನ್ಯಾಯಾಧೀಶರಿಗೆ ಇದೆ. ವೀಸಾ ಕೈತಪ್ಪದಂತೆ ನೋಡಿಕೊಳ್ಳುವ ಅಧಿಕಾರ ಯಾವ ರಾಜ್ಯದ ನ್ಯಾಯಾಧೀಶರಿಗೂ ಇಲ್ಲ, ಅದು ಒಕ್ಕೂಟ ಸರ್ಕಾರದ್ದು. ಹಾಗಾಗಿ ಸುಪರ್ದಿಯ ವಿಚಾರಣೆ ಶುರುವಾಗುವ ಮೊದಲೇ ತಾಯಿ ದೇಶದಲ್ಲಿರುವ ಹಕ್ಕು ಕಳೆದುಕೊಂಡಿರುವ ಸಂದರ್ಭವನ್ನು ಒಬ್ಬ ಜಾಣ ವಕೀಲ ಕಾನೂನುಬದ್ಧವಾಗಿಯೇ ಸೃಷ್ಟಿಸಬಲ್ಲ. ಇದಕ್ಕೆ ಎದುರು ಪಟ್ಟೂ ಉಂಟು. ಡಿಕ್ರಿ ಬಾರದಿರುವಷ್ಟು ದಿನ ತಾನು ಸುರಕ್ಷಿತ ಎಂದು ತಿಳಿದ ಹೆಂಡತಿ ದಾಖಲೆ ಕೊಡದೆ, ಮುಂದೂಡಿಕೆ ಕೇಳುತ್ತಾ ಮೊಕದ್ದಮೆಯನ್ನು ಎಳೆಯುತ್ತಾಳೆ. ಮಾತಾಡಿಕೊಂಡು ಮುಗಿಸಬಹುದಾದ ಜಗಳ ವರ್ಷಗಟ್ಟಲೆ ಬೆಳೆಯುತ್ತದೆ. ಎರಡೂ ಬದಿಯ ವಕೀಲರ ಶುಲ್ಕ ಗಂಟೆಗಿಷ್ಟರಂತೆ ಏರುತ್ತಿರುತ್ತದೆ. ಈ ಹೊತ್ತಿನಲ್ಲಿ ಮಗುವಿನ ಹಿತವನ್ನು ಯಾರೂ ಮಾತಾಡುತ್ತಿರುವುದಿಲ್ಲ, ಇಬ್ಬರೂ ಮಾತಾಡುತ್ತಿರುವುದು ತಾರೀಖಿನ ಬಗ್ಗೆ.

ಹೀಗಾಗಬಾರದೆಂದು ಕ್ಯಾಲಿಫೋರ್ನಿಯಾದ ಶಾಸಕಾಂಗಕ್ಕೂ ಅನ್ನಿಸಿತ್ತು. ತಂದೆ ಅಥವಾ ತಾಯಿಯ ವಲಸೆ ಸ್ಥಿತಿಗತಿ ಮಗುವಿನ ಸುಪರ್ದಿಗೆ ಅನರ್ಹತೆಯಾಗಕೂಡದು ಎಂದು 2012ರಲ್ಲಿ ಅದು ಕೌಟುಂಬಿಕ ಸಂಹಿತೆಯಲ್ಲೇ ಬರೆಸಿತು. ಒಳ್ಳೆಯ ಮಾತು. ಆದರೆ ದೇಶದಲ್ಲಿ ಇರಲಾಗದ ತಾಯಿಗೆ ಈ ಸಾಲಿನಿಂದ ಏನು ಸಿಕ್ಕೀತು? ಮಗುವಿಗೆ ಯಾರ ಬಳಿ ಸ್ಥಿರತೆ ಇದೆ, ಯಾರ ಮನೆಯಿಂದ ಅದೇ ಶಾಲೆಗೆ ಹೋಗಬಹುದು ಎಂದು ನ್ಯಾಯಾಲಯ ಕೇಳಲೇಬೇಕು, ಕೇಳುವುದು ಸರಿಯೂ ಹೌದು. ಡಿಕ್ರಿ ಬಂದ ಕೂಡಲೇ ದೇಶ ಬಿಡಬೇಕಾದವಳು ಆ ಪ್ರಶ್ನೆಗೆ ಕೊಡಬಹುದಾದ ಉತ್ತರ ದುರ್ಬಲ. ಇದರ ಮೇಲೆ ಒಂದೇ ಮನೆಯ ಮಕ್ಕಳೂ ಬೇರೆ ಬೇರೆ ನಿಯಮಗಳಿಗೆ ಸಿಕ್ಕಿಬೀಳುತ್ತಾರೆ. ಅಕ್ಕ ಬೆಂಗಳೂರಿನಲ್ಲಿ ಹುಟ್ಟಿದವಳು, ತಮ್ಮ ಸ್ಯಾನ್ ಹೋಸೆಯಲ್ಲಿ ಹುಟ್ಟಿದವನು ಎಂದುಕೊಳ್ಳಿ. ತಮ್ಮ ಪ್ರಜೆ, ಅವನು ಯಾರ ಜೊತೆಗಾದರೂ ಇರಬಹುದು. ಅಕ್ಕ ಎಚ್‌-4, ಅವಳ ವಾಸವೂ ಗ್ರೀನ್ ಕಾರ್ಡಿನ ಆಸೆಯೂ ಅಪ್ಪನ ವೀಸಾದ ನೆರಳಿನಲ್ಲಿ, ಅದೂ 21 ತುಂಬುವವರೆಗೆ ಮಾತ್ರ. ಸುಪರ್ದಿ ಅಮ್ಮನಿಗೇ ಸಿಕ್ಕಿತೆಂದರೂ ಮಗಳ ಕಾಗದಪತ್ರಕ್ಕಾಗಿ ಅಮ್ಮ ಅಪ್ಪನ ಬಾಗಿಲು ತಟ್ಟುತ್ತಲೇ ಇರಬೇಕು.

ವಿಚಿತ್ರವೆಂದರೆ, ಬೇರೆ ಸಂಬಂಧಗಳು ಕಡಿದುಹೋದಾಗ ಸರತಿಯ ಜಾಗವನ್ನು ಕಾಪಾಡುವುದು ಹೇಗೆಂದು ಇದೇ ವಲಸೆ ಕಾನೂನಿಗೆ ಚೆನ್ನಾಗಿ ಗೊತ್ತು. ನೌಕರ ತನ್ನ ಹೆಸರಿನ ಅರ್ಜಿ ಹಾಕಿದ ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಸೇರಿದರೂ ಪ್ರಯಾರಿಟಿ ಡೇಟ್ ಉಳಿಸಿಕೊಳ್ಳಬಹುದು. ಐ-140 ಎಂಬ ಅರ್ಜಿ ಮಂಜೂರಾಗಿ 180 ದಿನ ಕಳೆದಿದ್ದರೆ, ಹಳೆಯ ಕಂಪನಿ ಕೋಪದಿಂದ ಅದನ್ನು ಹಿಂಪಡೆದರೂ ಅವನ ಜಾಗಕ್ಕೆ ತೊಂದರೆಯಿಲ್ಲ. ಯಜಮಾನನ ಮರ್ಜಿಗೆ ನೌಕರ ಒತ್ತೆಯಾಳಾಗಬಾರದು ಎಂಬ ತತ್ವ ಇದರ ಹಿಂದಿದೆ. ಅರ್ಜಿದಾರ ತೀರಿಕೊಂಡರೆ ಏನು ಎಂಬುದಕ್ಕೂ ಉತ್ತರವಿದೆ: 2009ರ ತಿದ್ದುಪಡಿಯ ಪ್ರಕಾರ, ಅಮೆರಿಕದಲ್ಲೇ ವಾಸವಿದ್ದ ಅವಲಂಬಿತ ಹೆಂಡತಿ, ಮಕ್ಕಳ ಗ್ರೀನ್ ಕಾರ್ಡ್ ಅರ್ಜಿ ಅವನ ಸಾವಿನ ನಂತರವೂ ಮುಂದುವರಿಯಬಹುದು. ಅದು ಪೂರ್ಣ ರಕ್ಷಣೆಯೇನಲ್ಲ. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಓಲೇತಾದಲ್ಲಿ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದಾಗ ಅವರ ಪತ್ನಿಯ ವಾಸದ ಹಕ್ಕೇ ಕಡಿದುಹೋಯಿತು. ಅಲ್ಲಿನ ಕಾಂಗ್ರೆಸ್ ಸದಸ್ಯರೊಬ್ಬರು ಮುಂದೆ ನಿಂತು ನೆರವಾಗಬೇಕಾಯಿತು. ಆದರೂ ತತ್ವ ದಾಖಲಾಗಿದೆ. ಕಂಪನಿ ಬಿಟ್ಟರೆ ಜಾಗ ಉಳಿಯುತ್ತದೆ, ಗಂಡ ಸತ್ತರೆ ಅರ್ಜಿ ಉಳಿಯುತ್ತದೆ, ಗಂಡ ಬಿಟ್ಟರೆ ಮಾತ್ರ ಎರಡೂ ಇಲ್ಲ. ಈ ಭೇದಕ್ಕೆ ಕಾನೂನಿನಲ್ಲಿ ಸಮರ್ಥನೆ ಹುಡುಕಿದರೆ ಅಭ್ಯಾಸಬಲದ ಹೊರತು ಇನ್ನೇನೂ ಕಾಣುವುದಿಲ್ಲ.

ಬೇರ್ಪಟ್ಟ ಸಂಗಾತಿಗೂ ಸರತಿಯ ಜಾಗ ಉಳಿಯಲಿ ಎಂಬ ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ದುರುಪಯೋಗದ್ದು: ಹೀಗೆ ಮಾಡಿದರೆ ಸರತಿಯ ಜಾಗಕ್ಕಾಗಿ ಸುಳ್ಳು ಮದುವೆಗಳಾಗುತ್ತವೆ, ಸಾಲು ಇನ್ನಷ್ಟು ಉದ್ದವಾಗುತ್ತದೆ ಎಂದು. ಸುಳ್ಳು ಮದುವೆಗೆ ಹತ್ತು ವರ್ಷ ಕಾಯುವ ತಾಳ್ಮೆ ಇರುತ್ತದೆಯೇ ಎಂಬುದು ಹಾಗಿರಲಿ, ಕಾಲಮಿತಿ ಹಾಕಿ ಇದನ್ನು ತಡೆಯುವುದು ಕಷ್ಟವಲ್ಲ. ಜರ್ಮನಿಯ ವಾಸ ಕಾಯ್ದೆಯ 31ನೇ ಕಲಂ ನೋಡಿ. ದಂಪತಿಯಾಗಿ ಮೂರು ವರ್ಷ ಅಲ್ಲಿ ಒಟ್ಟಿಗೆ ಬಾಳಿದ ಸಂಗಾತಿಗೆ ಬೇರ್ಪಟ್ಟ ಮೇಲೂ ಸ್ವತಂತ್ರ ವಾಸದ ಹಕ್ಕು ಸಿಗುತ್ತದೆ. ತೀವ್ರ ಸಂಕಷ್ಟವಿದ್ದರೆ ಮೂರು ವರ್ಷ ಕಾಯಲೇಬೇಕೆಂದಿಲ್ಲ. ಯುರೋಪಿಯನ್ ಒಕ್ಕೂಟದ ಪ್ರಜೆಗಳನ್ನು ಮದುವೆಯಾದ ಹೊರದೇಶದವರ ವಿಷಯದಲ್ಲಿ ಆ ಒಕ್ಕೂಟದ 2004ರ ನಿರ್ದೇಶನ ಇನ್ನೊಂದು ಹೆಜ್ಜೆ ಮುಂದಿದೆ. ಮಗುವಿನ ಸುಪರ್ದಿ ಸಿಕ್ಕಿರುವುದನ್ನೇ ಅದು ವಿಚ್ಛೇದನದ ನಂತರ ಉಳಿಯಲು ಸಾಕಾದ ಕಾರಣವೆಂದು ಒಪ್ಪುತ್ತದೆ. ಅಮೆರಿಕದಲ್ಲಿ ಮಗು ಎಲ್ಲಿರಬೇಕೆಂಬುದನ್ನು ತಾಯಿಯ ವೀಸಾ ಹೇಳಿದರೆ, ಅಲ್ಲಿ ತಾಯಿ ಎಲ್ಲಿರಬೇಕೆಂಬುದನ್ನು ಮಗುವಿನ ಸುಪರ್ದಿ ಹೇಳುತ್ತದೆ. ಇನ್ನು ಸಾಲು ಉದ್ದವಾಗುವ ಮಾತು: ಅವಲಂಬಿತ ಸಂಗಾತಿ ಆ 1,40,000ದ ಲೆಕ್ಕದಲ್ಲಿ ಈಗಾಗಲೇ ಇದ್ದಾಳೆ. ಮದುವೆ ಉಳಿದಿದ್ದರೆ ಅವಳಿಗೆ ಕೊಡಲೇಬೇಕಿದ್ದ ಒಂದು ಸಂಖ್ಯೆಯನ್ನು ಮುರಿದ ಮೇಲೂ ಕೊಡುವುದರಿಂದ ಸಾಲು ಉದ್ದವಾಗುವುದಿಲ್ಲ. ಅರ್ಜಿದಾರ ಮರುಮದುವೆಯಾಗಿ ಹೊಸ ಸಂಗಾತಿಯನ್ನು ಸೇರಿಸಿದರೆ ಒಂದು ಸಂಖ್ಯೆ ಹೆಚ್ಚಾಗುತ್ತದೆ, ನಿಜ. ಆ ಹೊರೆಯನ್ನು ಹೊಸ ಅರ್ಜಿಯ ಮೇಲೆ ಹಾಕಬಹುದು, ಹಳೆಯ ಹೆಂಡತಿಯ ಮೇಲಲ್ಲ.

ದೌರ್ಜನ್ಯಕ್ಕೆ ಒಳಗಾದ ಹೆಂಡತಿಯರಿಗೆ ಅಮೆರಿಕದಲ್ಲಿ ವಿಶೇಷ ಕಾನೂನು ಇದೆಯಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. 1994ರ ಆ ಕಾನೂನಿನಲ್ಲಿ ಗಂಡನ ನೆರವಿಲ್ಲದೆ ತಾನೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವ ಹಕ್ಕು ಇರುವುದು ಅಮೆರಿಕದ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಇದ್ದವನ ಹೆಂಡತಿಗೆ. ಹೊಡೆಯುವವನು ಎಚ್‌-1ಬಿ ಮೇಲಿದ್ದರೆ ಆ ಬಾಗಿಲು ಮುಚ್ಚಿದೆ. ಅಂಥವಳಿಗೆ ಪ್ರತ್ಯೇಕ ಕೆಲಸದ ಪರವಾನಗಿ ಕೊಡುವ ಏರ್ಪಾಡು ಆಮೇಲೆ ಬಂತು, ಜಾರಿಯಾಗಲು ದಶಕವೇ ಹಿಡಿಯಿತು. ಅದು ದುಡಿಯಲು ಅನುಮತಿ ಕೊಡುತ್ತದೆ, ಕಾಯಂ ನೆಲೆ ಕೊಡುವುದಿಲ್ಲ. ಅಪರಾಧಕ್ಕೆ ಬಲಿಯಾದವರ ಯು ವೀಸಾ ವರ್ಷಕ್ಕೆ 10,000ಕ್ಕೆ ಸೀಮಿತ, ಅದಕ್ಕೂ ಬೇರೊಂದು ವರ್ಷಾನುಗಟ್ಟಲೆಯ ಸಾಲು. ಎಲ್ಲಕ್ಕಿಂತ ಮುಖ್ಯವಾಗಿ, ಹೊಡೆತ ಬಿದ್ದಾಗ ಮಾತ್ರ ಬಾಗಿಲು ತೆರೆಯುವ ವ್ಯವಸ್ಥೆ ಎಲ್ಲ ಜಗಳಗಳನ್ನೂ ಹೊಡೆತದ ಭಾಷೆಯಲ್ಲಿ ಹೇಳುವಂತೆ ಒತ್ತಡ ಹಾಕುತ್ತದೆ. ಹೊಂದಾಣಿಕೆಯಾಗದೆ ಬೇರೆಯಾಗುವ ದಂಪತಿಯಲ್ಲಿ ಹೆಂಡತಿ ಉಳಿಯಬೇಕಾದರೆ ಗಂಡ ಅಪರಾಧಿಯಾಗಬೇಕು ಎಂಬಂತಾದರೆ ಅದರಿಂದ ನಿಜವಾದ ಸಂತ್ರಸ್ತರಿಗೂ ಹಾನಿ, ನಿರಪರಾಧಿ ಗಂಡಂದಿರಿಗೂ ಹಾನಿ.

ಗಂಡಂದಿರ ಅಂಜಿಕೆಯೂ ಸುಳ್ಳಲ್ಲ. ರಜೆಗೆಂದು ಮಗುವನ್ನು ಕರೆದುಕೊಂಡು ಊರಿಗೆ ಹೋದವಳು ಮರಳದಿದ್ದರೆ? ಮಕ್ಕಳನ್ನು ಗಡಿ ದಾಟಿಸಿ ಒಯ್ಯುವುದರ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಮಗು ಆರು ತಿಂಗಳು ಎಲ್ಲಿ ವಾಸವಿತ್ತೋ ಅಲ್ಲಿನ ನ್ಯಾಯಾಲಯಕ್ಕೆ ಸುಪರ್ದಿಯ ಅಧಿಕಾರ ಎಂಬ ನಿಯಮ ಅಮೆರಿಕದ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲಿದೆ, ಹೊರದೇಶದ ವಾಸಕ್ಕೂ ಅದೇ ಲೆಕ್ಕ. ಆದ್ದರಿಂದ ಟಿಕೆಟ್ ಮುಂದೂಡಿದ ಸುದ್ದಿ ಬಂದ ಕೂಡಲೇ ಅಪ್ಪ ವಕೀಲರ ಬಳಿಗೆ ಓಡುತ್ತಾನೆ. ಮುಂದಿನ ಸಲ ಮಗುವಿನ ಪಾಸ್‌ಪೋರ್ಟ್ ನವೀಕರಣಕ್ಕೆ ಅವನ ಒಪ್ಪಿಗೆ ಬೇಕಾದಾಗ ಸಹಿ ಹಾಕುವುದಿಲ್ಲ. ಅವನ ಸ್ವಂತ ನೆಲೆಯೂ ಭದ್ರವಲ್ಲ, ಲೇಆಫ್ ಆದರೆ 60 ದಿನದಲ್ಲಿ ಅವನೂ ಮಗುವನ್ನು ಬಿಟ್ಟು ಹೊರಡಬೇಕಾದೀತು. ಆದರೆ ಈ ಅಂಜಿಕೆ ನನ್ನ ವಾದವನ್ನೇ ಬಲಪಡಿಸುತ್ತದೆ. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಉಳಿದು, ದುಡಿದು, ವಾರದಲ್ಲಿ ಮೂರು ದಿನವಾದರೂ ಮಗುವನ್ನು ಇಟ್ಟುಕೊಳ್ಳಬಲ್ಲ ತಾಯಿಗೆ ರಾತ್ರೋರಾತ್ರಿ ವಿಮಾನ ಹತ್ತುವ ಕಾರಣ ಕಡಿಮೆ. ವೀಸಾ ಕಳೆದುಕೊಂಡು ಮೂಲೆಗೆ ಬಿದ್ದವಳಿಗೆ ಅದೊಂದೇ ದಾರಿ ಕಾಣುತ್ತದೆ.

ತವರಿಗೆ ಬಂದರೆ ನಮ್ಮ ನ್ಯಾಯಾಲಯಗಳು ನೋಡಿಕೊಳ್ಳುತ್ತವೆ ಎಂಬ ನಂಬಿಕೆ ಇಲ್ಲಿನ ಅನೇಕ ಮನೆಗಳಲ್ಲಿದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ, ವಿದೇಶಿ ಆದೇಶಕ್ಕಿಂತ ಮಗುವಿನ ಕ್ಷೇಮ ಮುಖ್ಯ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆದರೆ ಕ್ಷೇಮದ ಅದೇ ಅಳತೆಗೋಲು ಬೇರೆ ಕಡೆಗೂ ವಾಲಬಹುದು. 2020ರ ಮಾರ್ಚಿನಲ್ಲಿ ತಾಯಿಯೊಬ್ಬರು ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗನೊಂದಿಗೆ ಬೆಂಗಳೂರಿಗೆ ಬಂದರು. ತಂದೆ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ನ್ಯಾಯಾಲಯದಿಂದ ಆದೇಶ ತಂದರು. ಕರ್ನಾಟಕ ಹೈಕೋರ್ಟ್ ಅವರ ಹೇಬಿಯಸ್ ಕಾರ್ಪಸ್ ಅರ್ಜಿ ವಜಾ ಮಾಡಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು, ಹುಡುಗ ಅಮೆರಿಕಕ್ಕೆ ಮರಳಬೇಕೆಂದಿತು. ಆ ಪ್ರಕರಣದಲ್ಲಿ ತಂದೆ ತಾಯಿ ಇಬ್ಬರಿಗೂ ಗ್ರೀನ್ ಕಾರ್ಡ್ ಇತ್ತು. ತಾಯಿ ಬಯಸಿದರೆ ಮಗನ ಜೊತೆ ಹೋಗಿ ಅಲ್ಲೇ ವಾದ ಮಾಡಬಹುದಿತ್ತು. ಅದೇ ಆದೇಶವನ್ನು ಎಚ್‌-4 ಕಳೆದುಕೊಂಡ ತಾಯಿಯ ಮೇಲೆ ಹಾಕಿದರೆ ಅದರ ಅರ್ಥ ಪೂರ್ತಿ ಬದಲಾಗುತ್ತದೆ: ಮಗು ಹೋಗುತ್ತದೆ, ತಾಯಿ ಹೋಗಲಾರಳು. ನಮ್ಮ ಕಾನೂನಿನ ಇನ್ನೊಂದು ತೊಡಕು ಇವಳನ್ನು ಮತ್ತಷ್ಟು ಕಾಡುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿರುವ ಕಾರಣಕ್ಕಲ್ಲದೆ, ಎದುರು ಪಕ್ಷದ ಒಪ್ಪಿಗೆಯಿಲ್ಲದೆ ವಿದೇಶದಲ್ಲಿ ಪಡೆದ ಡಿಕ್ರಿಯನ್ನು ಭಾರತ ಮಾನ್ಯ ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ಅಮೆರಿಕದ ನ್ಯಾಯಾಲಯ ಡಿಕ್ರಿ ಕೊಡುತ್ತದೆ. ಆ ಕಾರಣ ನಮ್ಮ ಕಾಯ್ದೆಯಲ್ಲಿ ಇಲ್ಲ. ಹೀಗಾಗಿ ವೀಸಾ ಅಧಿಕಾರಿಯ ಲೆಕ್ಕದಲ್ಲಿ ಆಕೆ ವಿಚ್ಛೇದಿತೆ, ಬೆಂಗಳೂರಿನ ಲೆಕ್ಕದಲ್ಲಿ ಇನ್ನೂ ಹೆಂಡತಿ, ಎರಡರಿಂದಲೂ ಹಕ್ಕು ಮಾತ್ರ ಹುಟ್ಟುವುದಿಲ್ಲ.

ಸರತಿಯ ನಿಯಮ ಬದಲಿಸುವುದು ಅಮೆರಿಕದ ಕಾಂಗ್ರೆಸ್ಸಿನ ಕೆಲಸ, ಅದು ಸದ್ಯಕ್ಕೆ ಆದೀತೆಂಬ ಭರವಸೆ ಯಾರಿಗೂ ಇರಲಾರದು. ಭಾರತ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಅನಿವಾಸಿಗಳ ವೈವಾಹಿಕ ತಕರಾರುಗಳಿಗೆ ಸಮಗ್ರ ಕಾನೂನು ಬೇಕೆಂದು ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿದೆ. ಆ ಕಾನೂನು ಬರುವಾಗ ಡಿಕ್ರಿಯ ಮಾನ್ಯತೆ, ಜೀವನಾಂಶ, ಸುಪರ್ದಿಯ ಜೊತೆಗೆ ಒಂದು ಚಿಕ್ಕ ಷರತ್ತನ್ನೂ ಸೇರಿಸಬಹುದು: ಮಗುವನ್ನು ವಿದೇಶಕ್ಕೆ ಕಳುಹಿಸುವ ಆದೇಶ ಜಾರಿಯಾಗುವ ಮೊದಲು, ಜೊತೆಗೆ ಹೋಗಲು ಬಯಸುವ ಪೋಷಕರಿಗೆ ಅಲ್ಲಿನ ವಿಚಾರಣೆ ಮುಗಿಯುವವರೆಗೆ ಇರಲು ವೀಸಾ ಸಿಕ್ಕಿರಬೇಕು, ಅದಕ್ಕೆ ಬೇಕಾದ ಕಾಗದ ಮತ್ತು ಖರ್ಚನ್ನು ಮಗುವನ್ನು ಕೇಳುತ್ತಿರುವ ಪಕ್ಷ ಒದಗಿಸಬೇಕು. ನಮ್ಮ ವಿದೇಶಾಂಗ ಸಚಿವಾಲಯ ಎಚ್‌-1ಬಿ ವಿಷಯವನ್ನು ವಾಷಿಂಗ್ಟನ್ನಿನಲ್ಲಿ ಎತ್ತಿದಾಗಲೆಲ್ಲ ಸುದ್ದಿಯಾಗುವುದು ವೀಸಾಗಳ ಸಂಖ್ಯೆ ಮತ್ತು ಶುಲ್ಕ. ಕಂಪನಿಗಳಿಗೆ ಬೇಕಾದದ್ದು ಅದು. ಮಗುವಿನ ಸುಪರ್ದಿ ತೀರ್ಮಾನವಾಗುವವರೆಗಾದರೂ ಎಚ್‌-4 ಕಡಿಯಬಾರದು ಎಂಬ ಬೇಡಿಕೆಗೆ ಕಾಂಗ್ರೆಸ್ಸಿನ ಮತವೂ ಬೇಡ, ವಲಸೆ ಇಲಾಖೆ 60 ದಿನಗಳ ಗಡುವನ್ನು ತಂದದ್ದು ನಿಯಮ ತಿದ್ದಿ. ಅದೇ ರೀತಿ ಇದನ್ನೂ ತರಬಹುದು. ಮಾತುಕತೆಯ ಮೇಜಿನ ಮೇಲೆ ಇದನ್ನು ಇಡುವವರು ಬೇಕು.